ಅಂಗಳಕ್ಕೆ ಹೂವು, ಹೊಟ್ಟೆಗೆ ವಿಷ

ಕಳೆದ ದಸರೆ ರಜೆ ಮುಗಿದ ಮೇಲೆ ಶಾಲಾ ಶಿಕ್ಷಕಿಯೊಬ್ಬರು ರಕ್ತದೊತ್ತಡ ತೋರಿಸಲು ಇಳಕಲ್ಲಿನ ನನ್ನ ದವಾಖಾನೆಗೆ ಬಂದಿದ್ದರು. ಪರೀಕ್ಷೆ ಮುಗಿದ ಮೇಲೆ ಚೀಲದಿಂದ ಒಂದು ಬೀಜದ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟರು. ಬೆಂಗಳೂರಿನಿಂದ ತಂದದ್ದು. ಮೇಲೆ ನೇರಳೆ ಬಣ್ಣದ ಹೂಗೊಂಚಲಿನ ಚಿತ್ರ, ಹೆಸರು ಹೆಲಿಯೊಟ್ರೋಪ್. "ಭಾಳ ಛಲೋ ವಾಸನಿ ಇರತೈತಂತ್ರಿ ಡಾಕ್ಟರ್ರ. ನಮ್ಮ ಬಿಸಲಿಗೆ ಬರತೈತೇನ್ರಿ?" ಎಂದು ಕೇಳಿದರು. ನನಗೆ ಹೂಗಿಡಗಳ ಹುಚ್ಚು ಇರುವುದು ಊರವರಿಗೆ ಗೊತ್ತು.

ಬಾಗಿಲ ಬಳಿ ಕುಳಿತಿದ್ದ, ಹುನಗುಂದ ಕಡೆಯ ಹಳ್ಳಿಯ ಅಜ್ಜಿಯೊಬ್ಬರು ಆ ಚಿತ್ರವನ್ನು ದಿಟ್ಟಿಸಿ ನೋಡಿದರು. "ಇದರ ಹೂವು ನಮ್ಮ ಚೇಳುಕೊಂಡಿ ಗಿಡದ ಹಂಗ ಸುರಳಿ ಸುತ್ತೇತಲ್ಲೋ ಯಪ್ಪಾ! ಅದರ ತಪ್ಪಲ ಅರದು ಕುಡಿಸಿದ್ರ ಚೇಳಿನ ವಿಷ ಇಳಿತೈತಿ" ಎಂದರು.

ಶಿಕ್ಷಕಿಯ ಪ್ರಶ್ನೆಗೆ ಉತ್ತರ ಸುಲಭ. ಅಜ್ಜಿಯ ಮಾತೇ ಈ ವಾರದ ಅಂಕಣ ಬರೆಯಲು ಕಾರಣ. ಅಜ್ಜಿಯ ಕಣ್ಣು ಸರಿಯಾಗಿಯೇ ಗುರುತಿಸಿತ್ತು. ಆದರೆ ಅವರ ಮದ್ದು ತಪ್ಪಾಗಿತ್ತು.

ಮೊದಲು ಹೂವಿನ ವಿಷಯ. ಗ್ರೀಕ್ ಭಾಷೆಯಲ್ಲಿ ಹೆಲಿಯೊಟ್ರೋಪ್ ಎಂದರೆ ಸೂರ್ಯನತ್ತ ತಿರುಗುವುದು ಎಂದರ್ಥ. ಆದರೆ ಇದು ನಮ್ಮ ಹೊಲದ ಸೂರ್ಯಕಾಂತಿಯಲ್ಲ, ಅದಕ್ಕೆ ನೆಂಟನೂ ಅಲ್ಲ. ದಕ್ಷಿಣ ಅಮೆರಿಕದ ಪೆರು ದೇಶದ ಗಿಡ. 18ನೇ ಶತಮಾನದಲ್ಲಿ ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಜೋಸೆಫ್ ದ ಜುಸ್ಯೂ ಅಲ್ಲಿಂದ ಬೀಜ ಕಳುಹಿಸಿದ ಮೇಲೆ ಯುರೋಪಿನ ತೋಟಗಳಲ್ಲಿ ಹಬ್ಬಿತು. ಪರಿಮಳ ವೆನಿಲ್ಲಾವನ್ನು ನೆನಪಿಸುತ್ತದೆ. ಐಸ್‌ಕ್ರೀಮ್ ತಿನ್ನುವ ಮಕ್ಕಳು ಮೂಸಿದ ಕೂಡಲೇ ಗುರುತು ಹಿಡಿಯುತ್ತಾರೆ.

ನಮ್ಮ ಬಾಗಲಕೋಟೆ ಸೀಮೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಆ ಬಿಸಿಲನ್ನು ಈ ಗಿಡ ಸಹಿಸದು. ಆದ್ದರಿಂದ ಮಳೆಗಾಲ ಮುಗಿದು ಹವೆ ತಂಪಾಗುವ ಅಕ್ಟೋಬರ್‌ನಲ್ಲಿ ಬಿತ್ತಬೇಕು. ನೀರು ಬಸಿದು ಹೋಗುವ ತಟ್ಟೆಯಲ್ಲಿ ಮರಳು, ಕೆಂಪು ಮಣ್ಣು, ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ ತುಂಬಿ. ಬರೀ ಎರೆಮಣ್ಣು ಬೇಡ, ನೀರು ನಿಂತು ಬೇರು ಕೊಳೆಯುತ್ತದೆ. ಬೀಜ ಬಹಳ ಸಣ್ಣದು. ಆಳಕ್ಕೆ ಹೂಳದೆ ಮಣ್ಣಿನ ಮೇಲೆ ಉದುರಿಸಿ, ಬೆರಳಿನಿಂದ ಮೆಲ್ಲಗೆ ಒತ್ತಿದರೆ ಸಾಕು. ನೀರು ಸುರಿಯಬೇಡಿ, ಚಿಮುಕಿಸಿ. ಮೊಳಕೆಗೆ ಎರಡರಿಂದ ಮೂರು ವಾರ ಬೇಕು, ಕೆಲವೊಮ್ಮೆ ಇನ್ನೂ ಹೆಚ್ಚು. ಒಂದೇ ವಾರಕ್ಕೆ ಬೇಸತ್ತು ತಟ್ಟೆ ಬರಿದು ಮಾಡುವವರೇ ಜಾಸ್ತಿ. ನಾಲ್ಕೆಂಟು ಎಲೆ ಬಂದ ಮೇಲೆ ಕುಂಡಕ್ಕೆ ಬದಲಿಸಿ, ಮುಂಜಾನೆಯ ಬಿಸಿಲು, ಮಧ್ಯಾಹ್ನದ ನೆರಳು ಸಿಗುವ ಕಡೆ ಇಡಿ. ಬಿತ್ತಿದ ಮೂರು ನಾಲ್ಕು ತಿಂಗಳಿಗೆ ಹೂವು ಕಾಣುತ್ತದೆ.

ಇನ್ನೊಂದು ಮಾತು. ಬೀಜದಿಂದ ಬಂದ ಗಿಡಗಳೆಲ್ಲ ಒಂದೇ ತೆರನಾಗಿ ಘಮಘಮಿಸುವುದಿಲ್ಲ. ಒಂದು ಗಿಡ ಅಂಗಳವನ್ನೆಲ್ಲ ತುಂಬಿದರೆ ಇನ್ನೊಂದಕ್ಕೆ ವಾಸನೆಯೇ ಇರದು. ಚೆನ್ನಾಗಿ ಪರಿಮಳ ಬೀರುವ ಗಿಡವನ್ನು ಗುರುತಿಸಿ, ಅದರ ಎಳೆಯ ಟೊಂಗೆ ನೆಟ್ಟು ಮುಂದಿನ ಸಸಿ ಮಾಡಿಕೊಳ್ಳಿ. ಹೂವು ಮೂಸಿದರೆ ಅಪಾಯವಿಲ್ಲ. ದಮ್ಮು ಇರುವವರಿಗೆ ಯಾವುದೇ ಗಾಢ ಪರಿಮಳ ಒಗ್ಗದಿರಬಹುದು. ಅಂಥವರ ಮಲಗುವ ಕೋಣೆಯ ಕಿಟಕಿಯ ಬಳಿ ಇಡದಿದ್ದರಾಯಿತು.

ಇನ್ನು ಅಜ್ಜಿಯ ಮಾತಿಗೆ ಬರೋಣ. ಮಳೆಗಾಲ ಕಳೆದ ಮೇಲೆ ಕೆರೆಯಂಗಳದಲ್ಲಿ, ಹಳ್ಳದ ದಂಡೆಯಲ್ಲಿ, ಹೊಲದ ಬದುವಿನಲ್ಲಿ ತಾನಾಗಿ ಬೆಳೆಯುವ ಒಂದು ಕಳೆಯನ್ನು ನೀವು ನೋಡಿರುತ್ತೀರಿ. ಒರಟು ಎಲೆ, ಸಣ್ಣ ಸಣ್ಣ ಬಿಳಿ ಅಥವಾ ತಿಳಿನೀಲಿ ಹೂವುಗಳ ಸಾಲು, ತುದಿ ಮಾತ್ರ ಚೇಳಿನ ಕೊಂಡಿಯಂತೆ ಸುರಳಿ. ಸಂಸ್ಕೃತದಲ್ಲಿ ಇದನ್ನೇ ಆನೆಯ ಸೊಂಡಿಲಿಗೆ ಹೋಲಿಸಿ ಹಸ್ತಿಶುಂಡಿ ಎಂದರು. ವಿಜ್ಞಾನಿಗಳು ಇಟ್ಟ ಹೆಸರು ಹೆಲಿಯೊಟ್ರೋಪಿಯಂ ಇಂಡಿಕಂ. ಪೆರುವಿನ ಪರಿಮಳದ ಗಿಡವೂ ಹುನಗುಂದದ ಕಳೆಯೂ ಒಂದೇ ಕುಲದವು. ಇವೆರಡಕ್ಕೂ ಇರುವ ಸಾಮಾನ್ಯ ಗುಣ ಪರಿಮಳವಲ್ಲ, ವಿಷ.

ಈ ಕುಲದ ಗಿಡಗಳಲ್ಲಿ ಪೈರೋಲಿಝಿಡಿನ್ ಆಲ್ಕಲಾಯ್ಡ್ ಎಂಬ ವಸ್ತುಗಳಿವೆ. ಹೊಟ್ಟೆಗೆ ಹೋದ ಮೇಲೆ ಇವನ್ನು ಕರಗಿಸಿ ಹೊರಹಾಕಲು ಪಿತ್ತಜನಕಾಂಗ, ಅಂದರೆ ಲಿವರ್, ಯತ್ನಿಸುತ್ತದೆ. ಆ ಯತ್ನದಲ್ಲೇ ಅವು ಇನ್ನೂ ಘೋರ ವಿಷವಾಗಿ ಮಾರ್ಪಡುತ್ತವೆ. ಲಿವರಿನೊಳಗಿನ ಸೂಕ್ಷ್ಮ ರಕ್ತನಾಳಗಳು ಕಟ್ಟಿಕೊಳ್ಳುತ್ತವೆ. ಹೊಟ್ಟೆಯಲ್ಲಿ ನೀರು ತುಂಬಿ ಉಬ್ಬುತ್ತದೆ, ಬಲಗಡೆ ಪಕ್ಕೆಯ ಕೆಳಗೆ ನೋವು ಬರುತ್ತದೆ, ಕೆಲವರಿಗೆ ಕಾಮಾಲೆಯೂ ಆಗುತ್ತದೆ. ಒಂದೆರಡು ಎಲೆ ಬಾಯಿಗೆ ತಾಗಿದರೆ ಗಾಬರಿಯಾಗಬೇಕಿಲ್ಲ. ಆದರೆ ದಿನವೂ ಸ್ವಲ್ಪ ಸ್ವಲ್ಪ ಹೋದರೆ ಕೆಡುಕು ಒಳಗೊಳಗೇ ಬೆಳೆಯುತ್ತದೆ. ಮಕ್ಕಳಿಗೆ ಅಪಾಯ ಹೆಚ್ಚು.

ಇದು ಬರೀ ಪುಸ್ತಕದ ಬದನೆಕಾಯಿಯಲ್ಲ. ಅಫ್ಘಾನಿಸ್ತಾನದ ಹೆರಾತ್ ಪ್ರಾಂತದಲ್ಲಿ ಗುಲ್ರಾನ್ ಎಂಬ ಪ್ರದೇಶವಿದೆ. ಎರಡು ವರ್ಷ ಬರ ಬಿದ್ದು, 1970ರ ದಶಕದ ನಡುವೆ ಅಲ್ಲಿನ ಗೋದಿ ಹೊಲಗಳಲ್ಲಿ ಇದೇ ಕುಲದ ಕಳೆ ವಿಪರೀತ ಬೆಳೆಯಿತು. ಅದರ ಬೀಜ ಗೋದಿಯಲ್ಲಿ ಬೆರೆತು ಹಿಟ್ಟಾಯಿತು, ಹಿಟ್ಟು ರೊಟ್ಟಿಯಾಯಿತು. ವೈದ್ಯರು ಸುಮಾರು 7,200 ಜನರನ್ನು ಪರೀಕ್ಷಿಸಿದಾಗ ಸುಮಾರು 1,600 ಜನರಲ್ಲಿ ಲಿವರ್ ರೋಗ ಕಂಡುಬಂತು. ಅವರು ತಿಂದದ್ದು ಬೆಂಕಿಯಲ್ಲಿ ಬೇಯಿಸಿದ ರೊಟ್ಟಿಯನ್ನೇ. ಬೆಂಕಿ ಅವರನ್ನು ಕಾಪಾಡಲಿಲ್ಲ. ಕುದಿಸಿ ಕಷಾಯ ಮಾಡಿದರೆ ವಿಷ ಹೋಗುತ್ತದೆ ಎನ್ನುವವರು ಇದನ್ನು ಗಮನಿಸಬೇಕು.

ಅದು ದೂರದ ಮಾತು ಎನ್ನುವಿರಾ? ಅದೇ ದಶಕದಲ್ಲಿ, ಇಂದು ಛತ್ತೀಸಗಡಕ್ಕೆ ಸೇರಿರುವ ಸರಗುಜಾ ಸೀಮೆಯಲ್ಲಿ ಹೀಗೇ ಆಯಿತು. ಅಲ್ಲಿ ಕೆಡಿಸಿದ್ದು ಬೇರೆ ಜಾತಿಯ ಗಿಡ. ಒಣಗಿದ ಕಾಯಿ ಅಲುಗಿಸಿದರೆ ಗಿಲಗಿಲ ಸದ್ದು ಮಾಡುವಂಥದು. ವಿಷ ಮಾತ್ರ ಇದೇ ಗುಂಪಿನದು. ಆ ಬೀಜ ಬೆರೆತದ್ದು ಸಾವೆಯಲ್ಲಿ. ನಾವೂ ಉಣ್ಣುವ ಸಾವೆ! ಇನ್ನು ನಾಟಿ ಔಷಧವೆಂದು ಹೆಲಿಯೊಟ್ರೋಪ್ ಕುಲದ ಗಿಡವನ್ನೇ ಸೇವಿಸಿ ಲಿವರ್ ಕೆಡಿಸಿಕೊಂಡ ರೋಗಿಗಳ ಬಗ್ಗೆ ನಮ್ಮ ದೇಶದ ವೈದ್ಯರು 1978ರಲ್ಲೇ ವರದಿ ಮಾಡಿದ್ದಾರೆ.

ಇಲ್ಲಿ ನಮ್ಮ ಹಿರಿಯರಿಗೆ ಒಂದು ನಮಸ್ಕಾರ ಸಲ್ಲಬೇಕು. ನನ್ನ ಅಜ್ಜಿ ಜೋಳ, ಸಾವೆಗಳನ್ನು ಮರದಲ್ಲಿ ಕೇರಿ, ಬಿಸಿಲಿಗೆ ಕುಳಿತು ಕಾಳು ಕಾಳು ಹಸನು ಮಾಡದೆ ಗಿರಣಿಗೆ ಕಳಿಸುತ್ತಿರಲಿಲ್ಲ. ಕಲ್ಲಿನ ಜೊತೆ ಕಳೆಯ ಬೀಜವೂ ಹೊರಗೆ ಹೋಗುತ್ತಿತ್ತು. ಅವರು ಕೊಟ್ಟ ಎಷ್ಟೋ ಕಷಾಯಗಳಿಗಿಂತ ಆ ಮರ ದೊಡ್ಡ ಔಷಧವಾಗಿತ್ತು. ಇಂದು ಅವಸರದಲ್ಲಿ ಕಾಳು ಹಸನು ಮಾಡುವುದನ್ನು ಬಿಟ್ಟಿದ್ದೇವೆ, ಕಷಾಯವನ್ನು ಮಾತ್ರ ಹಿಡಿದುಕೊಂಡಿದ್ದೇವೆ. ಬಿಡಬೇಕಾದದ್ದನ್ನು ಹಿಡಿದು, ಹಿಡಿಯಬೇಕಾದದ್ದನ್ನು ಬಿಟ್ಟಂತಾಯಿತು.

ಈ ಗಿಡದಲ್ಲಿ ಔಷಧ ಗುಣವೇ ಇಲ್ಲವೇ ಎಂದು ನೀವು ಕೇಳಬಹುದು. ನಮ್ಮ ಚೇಳುಕೊಂಡಿಯಿಂದಲೇ ಬೇರ್ಪಡಿಸಿದ ಇಂಡಿಸಿನ್ ಎನ್-ಆಕ್ಸೈಡ್ ಎಂಬ ವಸ್ತುವನ್ನು ಅಮೆರಿಕದಲ್ಲಿ ಕ್ಯಾನ್ಸರ್ ರೋಗಿಗಳಿಗೆ ಕೊಟ್ಟು ನೋಡಿದರು. 1980ರ ದಶಕದ ಆ ಪ್ರಯೋಗಗಳಲ್ಲಿ ಹಲವು ರೋಗಿಗಳ ಲಿವರ್ ತೀವ್ರವಾಗಿ ಕೆಟ್ಟದ್ದು ಕಂಡುಬಂತು. ಆಸ್ಪತ್ರೆಯಲ್ಲಿ, ತೂಕ ಹಾಕಿ, ವೈದ್ಯರ ಕಣ್ಣೆದುರು ಕೊಟ್ಟಾಗಲೇ ಹೀಗಾದರೆ, ಅಂದಾಜಿನಲ್ಲಿ ಹಿಂಡಿದ ಒಂದು ಬಟ್ಟಲು ರಸಕ್ಕೆ ಯಾರು ಹೊಣೆ?

ಇದಕ್ಕಿಂತ ತುರ್ತಿನ ಅಪಾಯ ಇನ್ನೊಂದಿದೆ. ನಮ್ಮದು ಕಲ್ಲಿನ ನಾಡು. ಬಾದಾಮಿಯ ಕೆಂಪು ಬಂಡೆ, ಇಳಕಲ್ಲಿನ ಗ್ರಾನೈಟ್ ಕ್ವಾರಿ, ಹಳ್ಳಿಯ ಕಲ್ಲುಗೋಡೆ, ಕಟ್ಟಿಗೆಯ ಒಟ್ಟಿಲು ಎಲ್ಲವೂ ಚೇಳಿಗೆ ಮನೆಯೇ. ಕಪ್ಪು ದೊಡ್ಡ ಚೇಳು ನೋಡಲು ಭಯಂಕರ, ವಿಷ ಕಡಿಮೆ. ಸಣ್ಣಗೆ ಕೆಂಪಗಿರುವ ಚೇಳೇ ಪ್ರಾಣಕ್ಕೆ ಸಂಚಕಾರ ತರುವುದು. ಚೇಳು ಕಡಿದ ಬಹುಪಾಲು ಜನರಿಗೆ ಬರೀ ನೋವಿರುತ್ತದೆ. ಅದು ಒಂದು ದಿನದೊಳಗೆ ತಾನಾಗಿ ಇಳಿಯುತ್ತದೆ. ಆಗ ಸೊಪ್ಪಿನ ರಸಕ್ಕೆ ಹೆಸರು ಬರುತ್ತದೆ. ಕೆಂಪು ಚೇಳು ಕಡಿದಾಗ ಅದೇ ರಸವನ್ನು ನಂಬಿ ಕಾದರೆ ಜೀವಕ್ಕೆ ಕುತ್ತು.

ಕೆಲವು ವರ್ಷಗಳ ಹಿಂದೆ ಹುನಗುಂದ ಕಡೆಯ ಎಂಟು ವರ್ಷದ ಹುಡುಗನೊಬ್ಬನನ್ನು ತಂದೆ ಹೆಗಲ ಮೇಲೆ ಹೊತ್ತು ತಂದರು. ಚೇಳು ಕಡಿದು ಮೂರು ತಾಸಾಗಿತ್ತು. ಅಷ್ಟರಲ್ಲಿ ಎರಡು ಸಲ ತಪ್ಪಲ ರಸ ಕುಡಿಸಿದ್ದರು. ಹುಡುಗನ ಮೈಯೆಲ್ಲ ಬೆವರಿ ತೊಯ್ದಿತ್ತು, ಕೈಕಾಲು ಮಂಜಿನಂತೆ ತಣ್ಣಗಾಗಿದ್ದವು, ವಾಂತಿ ನಿಂತಿರಲಿಲ್ಲ. "ನೋವು ಕಡಿಮಿ ಆಗೇತ್ರಿ, ಅದಕ್ಕ ತಡಾ ಮಾಡಿದಿವ್ರಿ" ಎಂದರು ತಂದೆ. ಪ್ರಾಝೋಸಿನ್ ಕೊಟ್ಟು, ಬಾಗಲಕೋಟೆಗೆ ಸಾಗಿಸಿದೆವು. ಹುಡುಗ ಉಳಿದ. ಇನ್ನೊಂದು ತಾಸು ತಡವಾಗಿದ್ದರೆ ಏನಾಗುತ್ತಿತ್ತೋ ಎಂದು ಇಂದಿಗೂ ನೆನೆಸಿಕೊಳ್ಳುತ್ತೇನೆ.

ಈ ಪ್ರಾಝೋಸಿನ್ ಮಾತ್ರೆಯನ್ನು ಚೇಳಿನ ವಿಷಕ್ಕೆ ಬಳಕೆಗೆ ತಂದವರು ಮಹಾರಾಷ್ಟ್ರದ ಮಹಾಡದ ಡಾ. ಹಿಮ್ಮತರಾವ್ ಬಾವಸ್ಕರ್. ಗ್ರಾಮೀಣ ಭಾಗದಲ್ಲಿದ್ದುಕೊಂಡೇ ರೋಗಿಗಳ ಹಾಸಿಗೆಯ ಪಕ್ಕ ಕುಳಿತು ಅವರು ಮಾಡಿದ ಕೆಲಸ 1980ರ ದಶಕದಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಚೇಳಿನ ವಿಷಕ್ಕೆ ಪ್ರತಿವಿಷದ ಚುಚ್ಚುಮದ್ದೂ ಇದೆ. ಮಾತ್ರೆಯಿರಲಿ, ಚುಚ್ಚುಮದ್ದಿರಲಿ, ಬೇಗ ತಲುಪಿದವರಿಗೆ ಲಾಭ ಹೆಚ್ಚು. ಇವನ್ನು ವೈದ್ಯರೇ ಕೊಡಬೇಕು. ರಕ್ತದೊತ್ತಡ ಕುಸಿಯುವ ಭಯ ಇರುವುದರಿಂದ ಮನೆಯಲ್ಲಿ ಇಟ್ಟುಕೊಂಡು ನುಂಗಿಸುವಂಥದ್ದಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟು. ಚೇಳು ಕಡಿದ ಜಾಗವನ್ನು ನೀರಿನಿಂದ ತೊಳೆಯಿರಿ, ತಣ್ಣನೆ ಬಟ್ಟೆ ಇಡಿ. ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ಏನನ್ನೂ ಅರೆದು ಕುಡಿಸಬೇಡಿ. ಮಗುವಿಗೆ ಚೇಳು ಕಡಿದರೆ ಲಕ್ಷಣಕ್ಕೆ ಕಾಯದೆ ಆಸ್ಪತ್ರೆಗೆ ಹೊರಡಿ. ದೊಡ್ಡವರಲ್ಲಿ ಬೆವರು, ವಾಂತಿ, ಕೈಕಾಲು ತಣ್ಣಗಾಗುವುದು, ಉಸಿರಾಟದ ತೊಂದರೆ ಕಂಡರೆ ಒಂದು ನಿಮಿಷವೂ ತಡ ಮಾಡದೆ 108ಕ್ಕೆ ಕರೆ ಮಾಡಿ. ನೋವು ಇಳಿಯಿತೆಂದು ಮೈಮರೆಯಬೇಡಿ. ಕಾಳನ್ನು ಹಸನು ಮಾಡಿಯೇ ಬೀಸಿರಿ. ಹೆಲಿಯೊಟ್ರೋಪ್ ಬೆಳೆಯುವವರು ಬೀಜದ ಪೊಟ್ಟಣವನ್ನು ಅಡಿಗೆಮನೆಯಲ್ಲಿ ಇಡಬೇಡಿ, ಎಲೆಯನ್ನು ಮಕ್ಕಳ ಬಾಯಿಗೂ ಆಡುಗಳ ಬಾಯಿಗೂ ಸಿಗದಂತೆ ನೋಡಿಕೊಳ್ಳಿ, ಗಿಡ ಮುಟ್ಟಿದ ಕೈ ತೊಳೆದುಕೊಳ್ಳಿ.

ಹಸಿರೆಲ್ಲ ಅಮೃತ ಎಂಬ ಮಾತು ಈಚೆಗೆ ಬಹಳ ಕೇಳಿಬರುತ್ತಿದೆ. ನಾನು ಗಿಡಮೂಲಿಕೆಯ ವೈರಿಯಲ್ಲ. ಆದರೆ ಗಿಡಕ್ಕೆ ನಮ್ಮ ಲಿವರಿನ ಮೇಲೆ ಕರುಣೆ ಇರಬೇಕೆಂಬ ನಿಯಮವೇನೂ ಇಲ್ಲ. ತನ್ನನ್ನು ತಿನ್ನಲು ಬಂದವರಿಂದ ಉಳಿದುಕೊಳ್ಳಲು ಅದು ವಿಷ ಕಟ್ಟಿಕೊಂಡಿದೆ.

ಫೆಬ್ರವರಿಯಲ್ಲಿ ಶಿಕ್ಷಕಿಯ ಮನೆಗೆ ಹೋಗಿದ್ದೆ. ಐದು ಕುಂಡಗಳಲ್ಲಿ ಎರಡು ಗಿಡ ಚೆನ್ನಾಗಿ ಘಮಘಮಿಸುತ್ತಿದ್ದವು. ಅಂದು ದವಾಖಾನೆಯಲ್ಲಿ ಪರಿಚಯವಾದ ಆ ಅಜ್ಜಿಯೂ ಸಂತೆಗೆ ಬಂದವರು ಅಲ್ಲಿಗೆ ಬಂದಿದ್ದರು. ಬಾಗಿ ಮೂಸಿ, "ಮೂಗಿಗೆ ಛಲೋ ಐತಿ ಬಿಡೋ ಯಪ್ಪಾ. ಬಾಯಿಗೆ ಬ್ಯಾಡ" ಎಂದು ನಕ್ಕರು. ಇಷ್ಟುದ್ದ ಬರೆದು ನಾನು ಹೇಳಿದ್ದೂ ಅದನ್ನೇ.