ಪ್ರಳಯವೂ ಪಂದ್ಯವೂ

ಅಟ್ಲಾಂಟಿಕ್ ಸಾಗರದಲ್ಲಿ ಹುಟ್ಟುವ ಚಂಡಮಾರುತವನ್ನು ಅಮೆರಿಕದವರು ಹರಿಕೇನ್ ಎಂದು ಕರೆಯುತ್ತಾರೆ. ಬಂಗಾಳ ಕೊಲ್ಲಿಯಲ್ಲಿ ಎದ್ದು ಭಾರತದ ಪೂರ್ವ ಕರಾವಳಿಯನ್ನು ಬಡಿಯುವ ಸೈಕ್ಲೋನಿಗೂ ಅದಕ್ಕೂ ಹೆಸರಿನಲ್ಲಿ ಭೇದವೇ ಹೊರತು ಸ್ವಭಾವದಲ್ಲಿ ಭೇದವಿಲ್ಲ. ಕತ್ರೀನಾ ಎಂಬ ಹೆಸರಿನ ಇಂಥದೊಂದು ಚಂಡಮಾರುತ 2005ನೆಯ ಇಸವಿ ಆಗಸ್ಟ್ 29ರಂದು ಅಮೆರಿಕದ ಲೂಸಿಯಾನ ಮತ್ತು ಮಿಸಿಸಿಪಿ ರಾಜ್ಯಗಳ ಮೇಲೆ ಎರಗಿತು. ನ್ಯೂ ಆರ್ಲಿಯನ್ಸ್ ನಗರದ ಸುಮಾರು ಅರ್ಧಭಾಗ ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿದೆ. ಅದನ್ನು ಕಾಯಬೇಕಾಗಿದ್ದ ಕಾಲುವೆಗಳ ತಡೆಗೋಡೆಗಳು ಕುಸಿದವು. ನಗರದ ನೂರಕ್ಕೆ 80 ಭಾಗ ನೀರಿನಲ್ಲಿ ಮುಳುಗಿತು. ಆ ಚಂಡಮಾರುತದಿಂದ ಒಟ್ಟು ಸುಮಾರು 1,400 ಮಂದಿ ಸತ್ತರು. ಗಾಳಿ ದೈವದ್ದೆನ್ನಬಹುದು, ಆದರೆ ಆ ಗೋಡೆಗಳು ಮನುಷ್ಯರು ಕಟ್ಟಿದವು.

ಅದೇ ವಾರ ಲೂಸಿಯಾನದ ಜನ ಇನ್ನೊಂದಕ್ಕಾಗಿ ಕಾಯುತ್ತಿದ್ದರು. ಅಲ್ಲಿ ಬೇಸಿಗೆ ಮುಗಿಯಿತೆಂದರೆ ವಿಶ್ವವಿದ್ಯಾಲಯಗಳ ಫುಟ್‌ಬಾಲ್ ಪಂದ್ಯಗಳ ಕಾಲ. ಅವರ ಫುಟ್‌ಬಾಲ್ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ದೂರಕ್ಕೆ ಎಸೆಯುವ ಆಟ. ನ್ಯೂ ಆರ್ಲಿಯನ್ಸಿನಿಂದ ಸುಮಾರು 130 ಕಿಲೋಮೀಟರ್ ದೂರದ ಬ್ಯಾಟನ್ ರೂಜ್ ಪಟ್ಟಣದಲ್ಲಿ ಲೂಸಿಯಾನ ರಾಜ್ಯ ವಿಶ್ವವಿದ್ಯಾಲಯವಿದೆ. ಪಂದ್ಯವಿರುವ ಶನಿವಾರದಂದು ಅದರ ಕ್ರೀಡಾಂಗಣದಲ್ಲಿ ಆ ಕಾಲಕ್ಕೆ 90,000 ಮಂದಿ ನೆರೆಯುತ್ತಿದ್ದರು. ಅಜ್ಜನಿಂದ ಮೊಮ್ಮಗನವರೆಗೆ ಮನೆಮಂದಿಯೆಲ್ಲ ತಂಡದ ಬಣ್ಣದ ಬಟ್ಟೆ ತೊಟ್ಟು ಹೊರಡುವ ಆ ದಿನ ಅವರ ಪಾಲಿಗೆ ಒಂದು ಜಾತ್ರೆಯೇ ಸರಿ. ಸೆಪ್ಟೆಂಬರ್ 3ರಂದು ನಡೆಯಬೇಕಾಗಿದ್ದ ಮೊದಲ ಪಂದ್ಯವನ್ನು ಮುಂದೂಡಲಾಯಿತು. ಎರಡನೆಯದು ಅರಿಜೋನ ರಾಜ್ಯ ವಿಶ್ವವಿದ್ಯಾಲಯದ ತಂಡದೊಡನೆ ಸೆಪ್ಟೆಂಬರ್ 10ರಂದು ನಡೆಯಬೇಕಿತ್ತು. ಮುಳುಗಿದ ಬೀದಿಗಳಲ್ಲಿ ಹೆಣಗಳನ್ನು ಇನ್ನೂ ಹುಡುಕುತ್ತಿರುವಾಗ ಆಟವೆ? ಅದಕ್ಕಾಗಿ ಮನಸ್ಸು ತವಕಿಸುವುದಾದರೂ ಸರಿಯೆ?

ಈ ಪ್ರಶ್ನೆಯನ್ನು ಕೇಳಿದವರನ್ನು ಹಳಿಯುವಂತಿಲ್ಲ. ನೆರೆಮನೆಯಲ್ಲಿ ಸಾವಾದಾಗ ತನ್ನ ಮನೆಯ ವಾದ್ಯವನ್ನು ನಿಲ್ಲಿಸುವುದು ಎಲ್ಲ ದೇಶಗಳಲ್ಲಿಯೂ ಸಂಸ್ಕಾರದ ಲಕ್ಷಣವೇ ಆಗಿದೆ. ಆದರೆ ಆಟಕ್ಕಾಗಿ ತವಕಿಸಿದವರೆಲ್ಲರೂ ಕಲ್ಲೆದೆಯವರು ಎಂದು ತೀರ್ಪು ಕೊಡುವ ಮುನ್ನ ಆ ಹನ್ನೆರಡು ದಿನ ಅವರು ಏನು ಮಾಡುತ್ತಿದ್ದರು ಎಂಬುದನ್ನು ನೋಡಬೇಡವೆ?

ಬ್ಯಾಟನ್ ರೂಜಿನ ವಿಶ್ವವಿದ್ಯಾಲಯ ಆ ದಿನಗಳಲ್ಲಿ ಆಸ್ಪತ್ರೆಯಾಗಿ ಮಾರ್ಪಟ್ಟಿತ್ತು. ಬ್ಯಾಸ್ಕೆಟ್‌ಬಾಲ್ ಆಡುವ ಒಳಾಂಗಣದಲ್ಲಿ ಸಾಲುಸಾಲಾಗಿ ಮಂಚಗಳನ್ನು ಹಾಕಲಾಯಿತು. ಓಟದ ಸ್ಪರ್ಧೆಗಳು ನಡೆಯುವ ಮೈದಾನದಲ್ಲಿ ಹೆಲಿಕಾಪ್ಟರುಗಳು ಇಳಿದವು; ಮನೆಯ ಮಾಡುಗಳ ಮೇಲಿನಿಂದ ಎತ್ತಿ ತಂದ ಮುದುಕರನ್ನೂ ರೋಗಿಗಳನ್ನೂ ಅಲ್ಲಿಂದ ಒಳಗೆ ಹೊತ್ತೊಯ್ಯಲಾಯಿತು. ಹೀಗೆ ಬಂದವರು ಸಾವಿರಾರು. ಆಟಗಾರರ ಕೋಣೆಗಳಲ್ಲಿ ಮನೆಮಾರು ಕಳೆದುಕೊಂಡ ಬಂಧುಗಳು ತುಂಬಿಕೊಂಡರು. ತಂಡದ ಮುಖ್ಯ ಆಟಗಾರನಾದ ಜಮಾರ್ಕಸ್ ರಸೆಲ್‌ನ ಬಾಡಿಗೆ ಮನೆಗೆ ಬಂದ ಅತಿಥಿಗಳಲ್ಲಿ ಜಗತ್ಪ್ರಸಿದ್ಧ ಗಾಯಕ ಫ್ಯಾಟ್ಸ್ ಡಾಮಿನೋ ಕೂಡ ಒಬ್ಬ. 77 ವರ್ಷದ ಆ ವೃದ್ಧನನ್ನು ನ್ಯೂ ಆರ್ಲಿಯನ್ಸಿನ ಮುಳುಗಿದ ಮನೆಯಿಂದ ಪಾರುಮಾಡಿ ತಂದಿದ್ದರು. ಆತ ಸತ್ತನೆಂಬ ವದಂತಿಯೂ ಹಬ್ಬಿತ್ತು. ಕೋಟಿ ಕೋಟಿ ಗಾನಮುದ್ರಿಕೆಗಳು ಮಾರಾಟವಾಗಿದ್ದ ಗಾಯಕನಿಗೆ ಒಬ್ಬ ವಿದ್ಯಾರ್ಥಿಯ ಕೋಣೆ ಆಸರೆಯಾಯಿತು.

ಆಸ್ಪತ್ರೆಯಾದ ಊರಿನಲ್ಲಿ 90,000 ಮಂದಿಯ ಜಾತ್ರೆ ನೆರೆಸುವುದು ಶಕ್ಯವಿರಲಿಲ್ಲ. ಆದುದರಿಂದ ಪಂದ್ಯವನ್ನು ಅರಿಜೋನದ ಟೆಂಪಿ ನಗರಕ್ಕೆ ವರ್ಗಾಯಿಸಿದರು. ಆಟ ಮುಗಿಯಲು ನಿಮಿಷಕ್ಕೆ ತುಸು ಹೆಚ್ಚು ಸಮಯ ಉಳಿದಿರುವಾಗ, ಕೊನೆಯ ಯತ್ನದಲ್ಲಿ ರಸೆಲ್ ಎಸೆದ ಚೆಂಡು ಜೊತೆಗಾರನ ಕೈ ಸೇರಿತು. ಲೂಸಿಯಾನ 35–31ರಿಂದ ಗೆದ್ದಿತು. ಈ ಗೆಲುವಿನಿಂದ ಒಂದು ಮನೆಯ ನೀರೂ ಇಳಿಯಲಿಲ್ಲ, ನಿಜ. ಆದರೆ ಹನ್ನೆರಡು ದಿನ ಸಾವಿನ ಸುದ್ದಿಯನ್ನಲ್ಲದೆ ಬೇರೇನನ್ನೂ ಕೇಳದಿದ್ದವರು ಒಂದು ರಾತ್ರಿ ಬೇರೊಂದು ಮಾತನಾಡಿದರು. ದುಃಖಿತನಿಗೆ ಅಷ್ಟೂ ಸಲ್ಲದು ಎನ್ನುವವರು ಸಾಮಾನ್ಯವಾಗಿ ದುಃಖದಿಂದ ದೂರದಲ್ಲಿರುವವರೇ.

ಟುಲೇನ್ ವಿಶ್ವವಿದ್ಯಾಲಯದ ಕಥೆ ಇನ್ನೂ ಕಠಿಣವಾದುದು. ಅದು ಇರುವುದು ನ್ಯೂ ಆರ್ಲಿಯನ್ಸಿನಲ್ಲಿಯೇ. ಆ ವರ್ಷದ ಕೊನೆಯವರೆಗೂ ಅಲ್ಲಿ ಪಾಠಗಳು ನಡೆಯಲಿಲ್ಲ. ವಿದ್ಯಾರ್ಥಿಗಳು ದೇಶದ ಬೇರೆ ಬೇರೆ ವಿದ್ಯಾಲಯಗಳಿಗೆ ಚದುರಿಹೋದರು. ಅದರ ಫುಟ್‌ಬಾಲ್ ತಂಡ ಮಾತ್ರ ಪರವೂರಿನಲ್ಲಿ ಬಿಡಾರ ಹೂಡಿ 11 ಪಂದ್ಯಗಳನ್ನು 11 ಬೇರೆ ಬೇರೆ ಕ್ರೀಡಾಂಗಣಗಳಲ್ಲಿ ಆಡಿತು. ಗೆದ್ದದ್ದು ಎರಡೇ. ಅಂಕಪಟ್ಟಿಯನ್ನಷ್ಟೆ ನೋಡುವವರಿಗೆ ಅದು ಹೀನಾಯ ವರ್ಷ. ಆದರೆ ಬಾಗಿಲು ಮುಚ್ಚಿದ ವಿಶ್ವವಿದ್ಯಾಲಯವೊಂದು ಇನ್ನೂ ಬದುಕಿದೆ ಎಂಬುದಕ್ಕೆ ಆ ವರ್ಷ ಕಣ್ಣಿಗೆ ಕಾಣುತ್ತಿದ್ದ ಕುರುಹು ಆ ತಂಡವೇ ಆಗಿತ್ತು.

ಟುಲೇನ್ ತಂಡ ತವರಿನಲ್ಲಿ ಆಡುತ್ತಿದ್ದುದು ಸೂಪರ್‌ಡೋಮ್ ಎಂಬ ಬೃಹತ್ ಕ್ರೀಡಾಂಗಣದಲ್ಲಿ. ಆಟದ ಪರವಾದ ವಾದ ಎಡವುವುದು ಇಲ್ಲಿಯೇ. ಊರು ಬಿಟ್ಟುಹೋಗಲು ವಾಹನವಿಲ್ಲದ ಬಡವರು, ಅವರಲ್ಲಿ ಬಹುಮಂದಿ ಕಪ್ಪು ಜನರು, 20,000ಕ್ಕೂ ಹೆಚ್ಚು ಸಂಖ್ಯೆಯಲ್ಲಿ ಅದರಲ್ಲಿ ಆಶ್ರಯ ಪಡೆದಿದ್ದರು. ಗಾಳಿಗೆ ಅದರ ಮಾಡು ಹರಿಯಿತು, ವಿದ್ಯುತ್ತು ಹೋಯಿತು, ಶೌಚಾಲಯಗಳು ತುಂಬಿ ಹರಿದವು. ಜನ ಆ ನಾತದಲ್ಲಿ, ಆ ಸೆಖೆಯಲ್ಲಿ ದಿನಗಟ್ಟಲೆ ಬಸ್ಸುಗಳಿಗಾಗಿ ಕಾದರು. ಅದೇ ಕಟ್ಟಡವನ್ನು ದುರಸ್ತಿಮಾಡಿ 2006ನೆಯ ಸೆಪ್ಟೆಂಬರ್ 25ರಂದು, ಎಂದರೆ ಹದಿಮೂರು ತಿಂಗಳೊಳಗಾಗಿ, ಫುಟ್‌ಬಾಲ್ ಪಂದ್ಯದೊಡನೆ ತೆರೆದರು. ನಗರದ ವೃತ್ತಿಪರ ತಂಡವಾದ ಸೇಂಟ್ಸ್ ಅಂದು ಗೆದ್ದಾಗ ಜನ ಅತ್ತರು, ಕುಣಿದರು. ಆ ಸಂತೋಷ ಕಪಟವಲ್ಲ.

ಆದರೆ ಆ ಕ್ರೀಡಾಂಗಣಕ್ಕೆ ಸಮೀಪದಲ್ಲಿಯೇ ಚಾರಿಟಿ ಎಂಬ ಆಸ್ಪತ್ರೆಯಿತ್ತು. ಹದಿನೆಂಟನೆಯ ಶತಮಾನದಲ್ಲಿ ಸ್ಥಾಪನೆಯಾದ ಆ ಸಂಸ್ಥೆ ನಗರದ ಬಡವರ ಆಸ್ಪತ್ರೆ. ನೀರು ಇಳಿದ ಕೆಲವೇ ವಾರಗಳಲ್ಲಿ ವೈದ್ಯರೂ ಸೈನಿಕರೂ ಸೇರಿ ಅದರ ಕೆಲವು ಭಾಗಗಳನ್ನು ಶುಚಿಗೊಳಿಸಿದ್ದರು. ಆದರೂ ಸರಕಾರ ಆ ಕಟ್ಟಡವನ್ನು ಆಸ್ಪತ್ರೆಯಾಗಿ ಮತ್ತೆ ತೆರೆಯಲಿಲ್ಲ. ಅದಕ್ಕೆ ಬದಲಾಗಿ ಕಟ್ಟಿಸಿದ ಹೊಸ ಆಸ್ಪತ್ರೆ ರೋಗಿಗಳನ್ನು ಬರಮಾಡಿಕೊಂಡದ್ದು 2015ನೆಯ ಆಗಸ್ಟ್ ತಿಂಗಳಿನಲ್ಲಿ. ಅಷ್ಟರಲ್ಲಿ ಸೂಪರ್‌ಡೋಮಿನಲ್ಲಿ ಒಂಬತ್ತು ವರ್ಷಗಳ ಪಂದ್ಯಗಳು ಮುಗಿದಿದ್ದವು.