ಎಲ್ಲದಕ್ಕೂ ‘ಸೆರೆಮನಿ’ ಅಂದ್ರೆ ಸಾಕಾ?

ಶಾಲೆಯ ಗ್ರಾಜುಯೇಷನ್ನಿಗೂ ‘ಸೆರೆಮನಿ’, ಪುಟ್ಟ ತಂಗಿಯ ನಾಮಕರಣಕ್ಕೂ ‘ಸೆರೆಮನಿ’, ಹೊಸ ಮನೆಯ ಗೃಹಪ್ರವೇಶಕ್ಕೂ ‘ಸೆರೆಮನಿ’. ಒಂದೇ ಪದದಲ್ಲಿ ಎಲ್ಲಾ ಮುಗಿದುಹೋಗುತ್ತೆ, ಅಲ್ವಾ?

ಈಗ ಕನ್ನಡದಲ್ಲಿ ಹೇಳಿ ನೋಡಿ. ಗ್ರಾಜುಯೇಷನ್ ಒಂದು ಸಮಾರಂಭ. ವೇದಿಕೆ, ಭಾಷಣ, ಚಪ್ಪಾಳೆ ಇರುತ್ತೆ. ಮದುವೆ ಮನೆಯಲ್ಲಿ ಅರಿಶಿನ ಹಚ್ಚೋದು, ಬಳೆ ತೊಡಿಸೋದು ಶಾಸ್ತ್ರ. ತೀರಿಕೊಂಡವರಿಗೆ ಮನೆಯವರು ಮಾಡೋದು ಕ್ರಿಯೆ. ಸಮಾರಂಭಕ್ಕೆ ಹೋಗಿ ಕೂತು ನೋಡಿದರೆ ಸಾಕು. ಶಾಸ್ತ್ರಕ್ಕೆ ಮನೆಯವರೆಲ್ಲ ಕೈ ಸೇರಿಸಬೇಕು.

ಈ ವ್ಯತ್ಯಾಸ ಯಾಕೆ ಮುಖ್ಯ ಅನ್ನೋದಕ್ಕೆ ನಮ್ಮ ಎಮರಿವಿಲ್‌ನಲ್ಲೇ ಒಂದು ಉದಾಹರಣೆ ಇದೆ. ಬೇ ಸ್ಟ್ರೀಟ್ ಅಂಗಡಿಗಳಿಗೆ ನೀವೆಲ್ಲ ಹೋಗಿರ್ತೀರಿ. ಅಲ್ಲಿನ ರಸ್ತೆಗೆ ‘ಶೆಲ್‌ಮೌಂಡ್’ ಅಂತ ಹೆಸರು ಯಾಕೆ ಬಂತು ಗೊತ್ತಾ? ಶೆಲ್‌ಮೌಂಡ್ ಅಂದ್ರೆ ಚಿಪ್ಪಿನ ದಿಬ್ಬ. ಓಲೋನಿ ಜನರು ತಮ್ಮ ಹಿರಿಯರನ್ನು ಮಣ್ಣು ಮಾಡಿದ ದೊಡ್ಡ ದಿಬ್ಬವೊಂದು ಅಲ್ಲಿತ್ತು. ಹೊರಗಿನವರು ಬಂದು ಅದರ ಮೇಲೆ ಡ್ಯಾನ್ಸ್ ಹಾಲ್ ಕಟ್ಟಿದರು. 1924ರಲ್ಲಿ ದಿಬ್ಬವನ್ನೇ ನೆಲಸಮ ಮಾಡಿದರು. ಇವತ್ತಿಗೂ ಥ್ಯಾಂಕ್ಸ್‌ಗಿವಿಂಗ್ ಮರುದಿನ ಓಲೋನಿ ಜನರು ಅಲ್ಲಿ ಸೇರಿ, ಇದು ನಮ್ಮ ಹಿರಿಯರ ಜಾಗ ಅಂತ ನೆನಪಿಸ್ತಾರೆ. ತಮ್ಮ ಹಿರಿಯರಿಗೆ ಸಲ್ಲಿಸುವ ಪ್ರಾರ್ಥನೆಯನ್ನೂ ಅವರು ‘ಸೆರೆಮನಿ’ ಅಂತಲೇ ಕರೀತಾರೆ. ಅದನ್ನು ನಾವು ಕನ್ನಡದಲ್ಲಿ ‘ಸಮಾರಂಭ’ ಅಂದ್ರೆ ಎಷ್ಟು ತಪ್ಪಾಗುತ್ತೆ, ಯೋಚಿಸಿ.

ಹಾಗಂತ ಎಲ್ಲಾ ಶಾಸ್ತ್ರವನ್ನೂ ಕಣ್ಣು ಮುಚ್ಚಿ ಮಾಡಿ ಅಂತ ನಾನು ಹೇಳ್ತಿಲ್ಲ. ಅರ್ಥ ಗೊತ್ತಿಲ್ಲದೆ ಮಾಡೋದಕ್ಕೆ ನಮ್ಮಲ್ಲೇ ‘ಶಾಸ್ತ್ರಕ್ಕೆ ಮಾಡಿದ್ರು’, ‘ಕಾಟಾಚಾರಕ್ಕೆ ಮಾಡಿದ್ರು’ ಅನ್ನೋ ಮಾತುಗಳಿವೆ. ಕುವೆಂಪು ಅವರು ಆಡಂಬರ ಬಿಟ್ಟು ‘ಮಂತ್ರ ಮಾಂಗಲ್ಯ’ ಎಂಬ ಸರಳ ಮದುವೆಯ ಕ್ರಮವನ್ನು ರೂಪಿಸಿದರು. 1966ರಲ್ಲಿ ಅವರ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆ ಹಾಗೇ ನಡೆಯಿತು. ಹೇಳುವ ಮಾತು ವಧೂವರರಿಗೆ ಅರ್ಥವಾಗಬೇಕು ಅನ್ನೋದೇ ಅಲ್ಲಿ ಮುಖ್ಯ.

ಆದ್ದರಿಂದ ಅಪ್ಪ ಅಮ್ಮಂದಿರೇ, ಮಕ್ಕಳು “ಇದು ಯಾಕೆ ಮಾಡ್ತಾರೆ?” ಅಂತ ಕೇಳಿದಾಗ “ಅದೊಂದು ಸೆರೆಮನಿ ಅಷ್ಟೆ” ಅನ್ನಬೇಡಿ. ಅದರ ಹೆಸರು ಹೇಳಿ, ಅರ್ಥ ಹೇಳಿ. ನಿಮಗೂ ಗೊತ್ತಿಲ್ಲದಿದ್ದರೆ ಊರಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ. ಅಜ್ಜಿ ಹೇಳ್ತಾರೆ, ಎಲ್ಲರೂ ಒಟ್ಟಿಗೆ ಕೇಳೋಣ.