ತೂಕವೊಂದೇ ಆರೋಗ್ಯವಲ್ಲ

ಸಣ್ಣಗೆ ಹುಟ್ಟಿದ ಮಗುವಿಗೆ ಪುಡಿಹಾಲು ಧಾರಾಳವಾಗಿ ಕುಡಿಸಿ ಬೇಗ ತೂಕ ಏರಿಸಬೇಕು, ಬೊಜ್ಜಿನ ಚಿಂತೆ ಆಮೇಲಿನದು ಎಂಬುದು ಕಳೆದ ಸಂಚಿಕೆಯ ಲೇಖನದ ವಾದ. ಕಡಿಮೆ ತೂಕದ ಶಿಶುವಿಗೆ ಅಪಾಯ ಹೆಚ್ಚೆಂಬುದು ನಿಜ. ಹೇಳಿದ ಮದ್ದು ಸರಿಯಲ್ಲ.

ಸಣ್ಣ ಮಗುವಿನಲ್ಲಿ ಕೊಬ್ಬಿರದು ಎಂಬ ಊಹೆಯೇ ತಪ್ಪು. ಪುಣೆಯ ಡಾ. ಯಾಜ್ಞಿಕ್ ತಂಡ ಅಲ್ಲಿನ ಹಳ್ಳಿಗಳ ಶಿಶುಗಳನ್ನು ಇಂಗ್ಲೆಂಡಿನ ಶಿಶುಗಳೊಂದಿಗೆ ಹೋಲಿಸಿತು. ನಮ್ಮವು ತೂಗಿದ್ದು ಸುಮಾರು 2.7 ಕಿಲೋ, ಸ್ನಾಯು ಸೊರಗಿದ್ದರೂ ಕೊಬ್ಬು ಅಷ್ಟಾಗಿ ಕರಗಿರಲಿಲ್ಲ.

ಇನ್ನು ಪುಡಿಹಾಲಿನಲ್ಲಿ ಪ್ರೋಟೀನ್ ಹೆಚ್ಚಿದಷ್ಟೂ ಒಳ್ಳೆಯದೇ? ಯುರೋಪಿನ 5 ದೇಶಗಳ ಪ್ರಯೋಗದಲ್ಲಿ ಹೆಚ್ಚು ಪ್ರೋಟೀನಿನ ಪುಡಿಹಾಲು ಕುಡಿದವರಲ್ಲಿ 6ನೇ ವಯಸ್ಸಿಗೆ ಬೊಜ್ಜು ಹೆಚ್ಚಿತ್ತು.

ಎದೆಹಾಲು ಬೊಜ್ಜಿಗೆ ರಾಮಬಾಣವೆಂದು ನಾನೂ ಹೇಳುವುದಿಲ್ಲ. ಬೆಲಾರುಸ್‌ನ ದೊಡ್ಡ ಪ್ರಯೋಗ ಹಾಗೆ ತೋರಿಸಲಿಲ್ಲ. ಆದರೆ ಮೊದಲ 6 ತಿಂಗಳು ಅದೇ ಮೊದಲ ಆಯ್ಕೆ. ಸಾಲದಿದ್ದರೆ ಪೂರಕ ಹಾಲಿನ ಅಳತೆಯನ್ನು ವೈದ್ಯರು ನಿರ್ಧರಿಸಲಿ, ನೆರೆಮನೆಯ ಗುಂಡು ಮಗುವಲ್ಲ.